ಡಿಪ್‌ಸ್ಟಿಕ್ ಕೊಳವೆಯ ಮೂಲಕ ಎಂಜಿನ್ ಆಯಿಲ್ ಬದಲಾವಣೆ

ಕಾರನ್ನು ಜಾಕಿನಿಂದ ಎತ್ತಿ, ಅಡಿಯಲ್ಲಿ ಅಂಗಾತ ಮಲಗಿ ಸಂಪಿನ (ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿ) ಡ್ರೈನ್ ಬೋಲ್ಟ್ ಬಿಚ್ಚುವಾಗ ಬಿಸಿ ಆಯಿಲ್ ಮೊಣಕೈವರೆಗೆ ಹರಿದ ಅನುಭವ ಹಲವು ಬಾರಿ ಆದ ಮೇಲೆ, ನಾನು ಕೈಯಿಂದ ಒತ್ತುವ ವ್ಯಾಕ್ಯೂಮ್ ಪಂಪೊಂದನ್ನು ಕೊಂಡೆ. ಇದರ ಡಬ್ಬಿಯೊಳಗಿನ ಗಾಳಿಯನ್ನು ಹೊರಹಾಕಿದಾಗ ಅಲ್ಲಿ ಒತ್ತಡ ಕುಗ್ಗುತ್ತದೆ. ಆಗ ಹೊರಗಿನ ವಾತಾವರಣದ ಒತ್ತಡವೇ, ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಕೊಳವೆಯಲ್ಲಿ ಇಳಿಬಿಟ್ಟ ಸಣ್ಣ ಪೈಪಿನ ಮೂಲಕ ಆಯಿಲನ್ನು ಮೇಲಕ್ಕೆ ತಳ್ಳುತ್ತದೆ.

ತಣ್ಣಗಿನ ಆಯಿಲ್ ಮಂದವಾಗಿದ್ದು ಪೈಪಿನಲ್ಲಿ ತೆವಳುತ್ತದೆ. ಆದ್ದರಿಂದ ಎಂಜಿನನ್ನು ಕೆಲವು ನಿಮಿಷ ಓಡಿಸಿ, ನಿಲ್ಲಿಸಿ, ಆಯಿಲ್ ಸಂಪಿಗೆ ಇಳಿಯುವವರೆಗೆ ಕಾದು ಕೆಲಸ ಆರಂಭಿಸುತ್ತೇನೆ. ಪೈಪು ತಳ ಮುಟ್ಟಿದ್ದು ಕೈಗೆ ತಿಳಿಯುತ್ತದೆ. ಮತ್ತೂ ತುರುಕಿದರೆ ಅದು ಬಾಗಿ ತುದಿ ಮೇಲೇಳುತ್ತದೆ. ಮೊದಲ ಸಲ ನಾನು ಮಾಡಿದ ತಪ್ಪು ಇದೇ. 3 ಲೀಟರ್ ಬರುವಷ್ಟರಲ್ಲಿ ಗೊರಗೊರ ಸದ್ದು ಕೇಳಿ ಮುಗಿಯಿತೆಂದುಕೊಂಡೆ, ಪೈಪನ್ನು ಬೆರಳಷ್ಟು ಹಿಂದಕ್ಕೆಳೆದಾಗ ಮತ್ತೆ ಅರ್ಧ ಲೀಟರ್ ಕಪ್ಪು ಆಯಿಲ್ ಬಂದಿತು. ಡಬ್ಬಿಯ ಅಳತೆಗೆರೆಯನ್ನು ಕೈಪಿಡಿಯಲ್ಲಿರುವ ಪ್ರಮಾಣದೊಂದಿಗೆ ಹೋಲಿಸದೆ ಹೊಸ ಆಯಿಲ್ ಸುರಿಯಬಾರದು, ಹಳೆಯದು ಉಳಿದಿದ್ದರೆ ಮಟ್ಟ ಮಿತಿ ಮೀರುತ್ತದೆ.

ತಳದ ಕೆಸರು ಮತ್ತು ಲೋಹದ ಪುಡಿ ಪೈಪಿಗೆ ಸಿಗದೆ ಉಳಿಯಬಹುದು ಎಂಬ ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾರೆ. ಅದಕ್ಕಾಗಿ ಆಗೊಮ್ಮೆ ಈಗೊಮ್ಮೆ ಬೋಲ್ಟನ್ನೂ ಬಿಚ್ಚುತ್ತೇನೆ. ಡಿಪ್‌ಸ್ಟಿಕ್ಕೇ ಇಲ್ಲದ, ಅಥವಾ ಅದರ ಕೊಳವೆಯಿಂದ ಪೈಪು ತಳ ತಲುಪದ ಎಂಜಿನ್‌ಗಳಿಗೆ ಈ ವಿಧಾನ ಒದಗದು. ಫಿಲ್ಟರನ್ನಂತೂ ಹೇಗೂ ಬದಲಿಸಬೇಕು. ನನ್ನ ಕಾರಿನಲ್ಲಿ ಅದು ಮೇಲ್ಭಾಗದಲ್ಲಿದೆ. ಕೆಳಗಿದ್ದಿದ್ದರೆ ಪಂಪಿದ್ದೂ ನಾನು ಕಾರಿನಡಿಯೇ ಮಲಗಬೇಕಾಗುತ್ತಿತ್ತು.