ಭುಜ ನೆಲಕ್ಕೆ ಹಚ್ಚುವ ತಾಲೀಮು

14 ಜುಲೈ 2025, ಸೋಮವಾರ
ಬೆಳಗಾವಿ

ಮಳೆ ಬಿಟ್ಟಿಲ್ಲ. ಗರಡಿ ಮನೆಯ ಕೆಮ್ಮಣ್ಣು ಹಸಿಯಾಗಿ ಕೂತಿದೆ, ಈ ವಾರ ಪೂರ್ತಿ ತಾಲೀಮು ಮ್ಯಾಟ್ ಮೇಲೆಯೇ. ಕುಸ್ತಿಯಿಂದ ಎಂಎಂಎಗೆ (ಗುದ್ದು, ಒದೆ, ಹಿಡಿತ ಎಲ್ಲ ಸೇರಿದ ಕಾದಾಟ) ಬಂದ ಹುಡುಗರಿಗೆ ಇದು ಒಳ್ಳೆಯದೇ. ಅವರಿಗೆ ಶಕ್ತಿ ಸಾಕಷ್ಟಿದೆ, ಸಪಾಟಿ ಬೈಠಕ್ ಹೊಡೆದ ತೊಡೆ ಭುಜ ಯಾವ ಜಿಮ್ಮಿನಲ್ಲೂ ಸಿಗುವಂಥದ್ದಲ್ಲ. ಈಗ ಆಗಬೇಕಾದ್ದು ಮೈಗೆ ಹತ್ತಿದ ಒಂದು ಅಭ್ಯಾಸವನ್ನು ಬಿಡಿಸುವ ಕೆಲಸ.

ಕುಸ್ತಿಯಲ್ಲಿ ಎರಡೂ ಭುಜ ನೆಲಕ್ಕೆ ತಾಗಿದರೆ ಚಿತ್, ಅಲ್ಲಿಗೆ ಮುಗೀತು. ಹಾಗಾಗಿ ಕೆಳಗೆ ಬಿದ್ದ ಪೈಲ್ವಾನ ಯೋಚಿಸುವ ಮೊದಲೇ ಹೊಟ್ಟೆ ಮೇಲೆ ಹೊರಳಿರುತ್ತಾನೆ. ಎಂಎಂಎಯಲ್ಲಿ ಹಾಗೆ ಹೊರಳಿದರೆ ಬೆನ್ನು ಕೊಟ್ಟ ಹಾಗೆ. ಎದುರಾಳಿ ಎರಡೂ ಕಾಲನ್ನು ತೊಡೆ ಸಂದಿಗೆ ಸಿಗಿಸಿ, ಒಂದು ತೋಳನ್ನು ಗದ್ದದ ಕೆಳಗೆ ತೂರಿಸಿದರೆ ರಿಯರ್ ನೇಕೆಡ್ ಚೋಕ್. ಉಸಿರು ಕಟ್ಟುವುದಕ್ಕಿಂತ ಮೊದಲು ಕತ್ತಿನ ಎರಡೂ ಬದಿಯ ರಕ್ತನಾಳ ಒತ್ತಿ ಮಿದುಳಿಗೆ ರಕ್ತ ಹೋಗುವುದು ನಿಲ್ಲುತ್ತದೆ. ಹಿಡಿತ ಸರಿಯಾಗಿ ಕೂತರೆ ಸುಮಾರು 10 ಸೆಕೆಂಡಿನಲ್ಲಿ ಎಚ್ಚರ ತಪ್ಪುತ್ತದೆ. ಕತ್ತು ಎಷ್ಟೇ ದಪ್ಪ ಇರಲಿ, ಅದು ತಡೆಯುವುದಿಲ್ಲ.

ಇವತ್ತಿನ ಡ್ರಿಲ್ ಇದರದ್ದೇ. ಎದುರಾಳಿ ಬೆನ್ನು ಹತ್ತಿದ ಸ್ಥಿತಿಯಿಂದಲೇ ಶುರು, 2 ನಿಮಿಷ. ಮೊದಲು ಎರಡೂ ಕೈಯಿಂದ ಅವನ ಒಂದೇ ಕೈ ಹಿಡಿಯಬೇಕು, ಕತ್ತಿಗೆ ಬರುವ ಕೈ, ಅದೂ ಮಣಿಕಟ್ಟಿನಲ್ಲಿ. ಕಾಲು ಬಿಡಿಸುವ ಆಸೆಗೆ ಕೈ ಬಿಟ್ಟವನ ಕತ್ತು ಹೋಯಿತು ಅಂತಲೇ ಲೆಕ್ಕ. ಆಮೇಲೆ ವಾಲುವುದು: ಭುಜದ ಮೇಲಿಂದ ಬಂದ ತೋಳಿನ ಕಡೆಗಲ್ಲ, ಕಂಕುಳ ಕೆಳಗಿಂದ ಬಂದ ತೋಳಿನ ಕಡೆಗೆ. ವಾಲಿದ ಮೇಲೆ ಸೊಂಟ ಕೆಳಗೆ ಜಾರಿಸಿ, ತಲೆ ಹಿಂದಕ್ಕೆ ಒತ್ತಿ, ಎರಡೂ ಭುಜ ನೆಲಕ್ಕೆ ಹಚ್ಚಬೇಕು. ಬೆನ್ನಿಗೂ ನೆಲಕ್ಕೂ ನಡುವೆ ಅವನಿಗೆ ಜಾಗ ಇಲ್ಲದಂತಾದಾಗ ಕೆಳಗಿನ ಕಾಲಿನ ಕೊಂಡಿ ತಳ್ಳಿ, ಸೊಂಟ ಹೊರಗೆಳೆದು, ಅವನ ಕಡೆಗೇ ತಿರುಗುವುದು.

ಇಲ್ಲೇ ಎಲ್ಲರೂ ನಿಲ್ಲುವುದು. ಭುಜ ನೆಲಕ್ಕೆ ನಾಲ್ಕು ಬೆರಳು ದೂರ ಇರುವಾಗ ಮೈ ತಾನಾಗೇ ಬಿಗಿಯುತ್ತದೆ, ಕತ್ತು ಬಿಲ್ಲಿನಂತೆ ಬಾಗಿ ಭುಜವನ್ನು ಎತ್ತಿ ಹಿಡಿಯುತ್ತದೆ, ಆ ಸಂದಿಯಲ್ಲಿ ತೋಳು ಒಳಗೆ ಹೋಗುತ್ತದೆ. ಗೊತ್ತಿದ್ದೂ ಆಗುವ ತಪ್ಪು ಇದು. ಚಿಕ್ಕಂದಿನಿಂದ ಸೋಲು ಅಂತ ಕಲಿತದ್ದನ್ನು ಬೇಕಂತಲೇ ಮಾಡು ಅಂದರೆ ಮನಸ್ಸು ಒಪ್ಪುವುದಿಲ್ಲ. ಆದ್ದರಿಂದ ಬಲ ಹಾಕದೆ, ಅರ್ಧ ವೇಗದಲ್ಲಿ, ಹೊರಗಿನಿಂದ ಒಂದೇ ಮಾತು ಕೂಗುತ್ತ ಮಾಡಿಸುತ್ತಿದ್ದೇವೆ: "ತಮ್ಮಾ, ಭುಜಾ ನೆಲಕ್ಕ ಹಚ್ಚು!" ಬೈದರೆ ಇನ್ನಷ್ಟು ಬಿಗಿಯುತ್ತಾರೆ. ಮಾನಸಿಕ ತಯಾರಿ ಅಂತ ಹೇಳುವುದರಲ್ಲಿ ಮುಕ್ಕಾಲು ಪಾಲು ಇದೇ ಅಂತ ನಮ್ಮ ನಂಬಿಕೆ. ರಾತ್ರಿ ಮಲಗುವ ಮುಂಚೆ ಕಣ್ಣು ಮುಚ್ಚಿ ಗೆದ್ದ ಹಾಗೆ ಕಲ್ಪಿಸಿಕೊಳ್ಳುವುದು ಬೇಡ, ಬೆನ್ನು ಸಿಕ್ಕಿದೆ ಅಂತ ಅಂದುಕೊಂಡು ಒಂದೊಂದೇ ಹೆಜ್ಜೆ ಬಿಡಿಸಿಕೊಳ್ಳಿ ಅಂತ ಹೇಳಿ ಕಳಿಸಿದೆವು.

ಟ್ಯಾಪ್ ಮಾಡುವುದೂ ಇದೇ ಸಾಲಿಗೆ ಸೇರಿದ್ದು. ಮಣ್ಣಿನಲ್ಲಿ ಬೆಳೆದವರಿಗೆ ಕೈ ತಟ್ಟಿ ಬಿಟ್ಟುಕೊಡುವುದು ಅವಮಾನ. ಆದರೆ ತಾಲೀಮಿನಲ್ಲಿ ತೋಳಿನ ಲಾಕ್ ಬಿಗಿಯಾದ ಮೇಲೂ ತಟ್ಟದಿದ್ದರೆ ಮೊಣಕೈ ಕೀಲಿನ ಪಟ್ಟಿ ಹರಿಯುತ್ತದೆ, ತಿಂಗಳುಗಟ್ಟಲೆ ಮನೆಯಲ್ಲಿ. ನೋವು ಬರುವ ಮೊದಲೇ ತಟ್ಟಬೇಕು. ಹಿಮ್ಮಡಿ ಹಿಡಿದು ಕಾಲು ತಿರುಚುವ ಹೀಲ್ ಹುಕ್‌ನಲ್ಲಂತೂ ನೋವು ಗೊತ್ತಾಗುವ ಹೊತ್ತಿಗೆ ಮೊಣಕಾಲು ಹೋಗಿರುತ್ತದೆ.

ನಿಂತ ಕಾದಾಟದಲ್ಲೂ ಒಂದು ಅಪಾಯ ಇದೆ. ಎರಡೂ ಕಾಲು ಹಿಡಿದು ಕೆಡವುವ ಡಬಲ್ ಲೆಗ್‌ಗೆ ನುಗ್ಗುವಾಗ ತಲೆ ತಗ್ಗಿಸಿ, ಕತ್ತು ಹೊರಗೆ ಬಿಟ್ಟರೆ, ಎದುರಿನಿಂದಲೇ ಕತ್ತನ್ನು ಕಂಕುಳಿಗೆ ಸಿಗಿಸಿ ಒತ್ತುವ ಗಿಲೊಟಿನ್ ಚೋಕ್. 2017ರ ನವೆಂಬರ್‌ನಲ್ಲಿ ಶಾಂಘೈನಲ್ಲಿ ಮಹಾರಾಷ್ಟ್ರದ ಭರತ್ ಖಂಡಾರೆ ಅಮೆರಿಕದ ದೊಡ್ಡ ಎಂಎಂಎ ಸಂಸ್ಥೆ ಯುಎಫ್‌ಸಿಯ ಪಂಜರಕ್ಕೆ ಇಳಿದಾಗ ಚೀನಾದ ಸೋಂಗ್ ಯಾಡೊಂಗ್ ಮೊದಲ ಸುತ್ತಿನಲ್ಲೇ ಮುಗಿಸಿದ್ದು ಇದೇ ಹಿಡಿತದಿಂದ. ಭರತ್ ಕೂಡ ಕುಸ್ತಿಯಿಂದಲೇ ಬಂದವರು. ನಮ್ಮ ಹುಡುಗರು ಆ ಪಂದ್ಯವನ್ನು ಗೌರವದಿಂದ, ನಿಲ್ಲಿಸಿ ನಿಲ್ಲಿಸಿ ನೋಡಬೇಕು.

ನುಗ್ಗುವಾಗ ಬಗ್ಗಬೇಕಾದ್ದು ಮೊಣಕಾಲು, ಸೊಂಟವಲ್ಲ. ಸೊಂಟ ಬಗ್ಗಿದರೆ ಮುಖಕ್ಕೆ ಮೊಣಕಾಲಿನ ಹೊಡೆತ ಖಾತ್ರಿ. ಕಿವಿ ಎದುರಾಳಿಯ ಪಕ್ಕೆಲುಬಿಗೆ ಅಂಟಿರಲಿ, ಕಣ್ಣು ಮೇಲಿರಲಿ. ಬರೀ ನುಗ್ಗಬಾರದು, ಮೊದಲು ಒಂದು ಜ್ಯಾಬ್ (ಮುಂದಿನ ಕೈಯ ನೇರ ಗುದ್ದು) ಹೋಗಬೇಕು, ಅವನ ಕೈ ಮುಖಕ್ಕೆ ಎದ್ದಾಗ ಕಾಲು ಹಿಡಿಯುವುದು. ಕತ್ತು ಸಿಕ್ಕೇ ಬಿಟ್ಟಿತು ಅಂದರೆ ಗದ್ದ ಎದೆಗೆ ಒತ್ತಿ, ಅವನ ಮಣಿಕಟ್ಟು ಕೆಳಗೆಳೆದು, ತಲೆ ಸಿಕ್ಕ ಬದಿಯ ವಿರುದ್ಧ ದಿಕ್ಕಿಗೆ ಮೈ ಹಾಕಬೇಕು. ತಲೆ ಇರುವ ಕಡೆಗೇ ಎಳೆದಾಡಿದಷ್ಟೂ ಬಿಗಿಯುತ್ತದೆ.

ದಮ್ಮಿನ ವಿಷಯ. ವೃತ್ತಿಪರ ಪಂದ್ಯ 5 ನಿಮಿಷದ 3 ಸುತ್ತು, ನಡುವೆ 1 ನಿಮಿಷ ಬಿಡುವು. ಪ್ರಶಸ್ತಿ ಪಂದ್ಯವಾದರೆ 5 ಸುತ್ತು. ಇದಕ್ಕೆ ನಿಮಿಷಕ್ಕೊಬ್ಬ ಹೊಸ ಜೋಡಿ ಬಂದು ಮೇಲೆ ಬೀಳುವ ತಾಲೀಮು ವಾರಕ್ಕೊಮ್ಮೆ ಸಾಕು. ಪೈಲ್ವಾನರಿಗೆ ಮೊದಲು ಸೋಲುವುದು ಎದೆಯಲ್ಲ, ಮುಂಗೈ. ಹಿಡಿದದ್ದನ್ನು ಬಿಡದೆ ಹಿಡಿದೇ ಇರುತ್ತಾರೆ, ಎರಡನೇ ಸುತ್ತಿಗೆ ಮುಷ್ಟಿಯೇ ಕಟ್ಟಲಾಗುವುದಿಲ್ಲ. ಬಿಡುವಿನ 60 ಸೆಕೆಂಡಿನಲ್ಲಿ ಮೊದಲ 20 ಯಾರೂ ಮಾತಾಡಬಾರದು, ಮೂಗಿನಿಂದ ಎಳೆದು ಬಾಯಿಂದ ಉದ್ದಕ್ಕೆ ಬಿಡುವ ಉಸಿರು ಮಾತ್ರ. ಆಮೇಲೆ ಒಂದು ಗುಟುಕು ನೀರು, ಒಂದೇ ಸೂಚನೆ. ಎರಡು ಹೇಳಿದರೆ ಎರಡೂ ಹೋಗುತ್ತವೆ.

ಸ್ಪಾರಿಂಗ್ (ಜೋಡಿ ಕಾದಾಟದ ಅಭ್ಯಾಸ) 16 ಔನ್ಸ್ ಗ್ಲೌಸಿನಲ್ಲೇ. 4 ಔನ್ಸಿನದ್ದು ಹಿಡಿತದ ಅಭ್ಯಾಸಕ್ಕೆ ಮಾತ್ರ. ಪೆಟ್ಟು ಬಿದ್ದ ಮೇಲೆ ತಲೆನೋವು, ವಾಂತಿ, ಮಬ್ಬು, ಇವುಗಳಲ್ಲಿ ಯಾವುದಿದ್ದರೂ ಅವತ್ತೇ ಡಾಕ್ಟರ್ ಹತ್ತಿರ. ಅವರು ಹೂಂ ಅನ್ನುವ ತನಕ ಮ್ಯಾಟ್ ಹತ್ತುವಂತಿಲ್ಲ.

ಕೊನೆಗೆ ಮಳೆಗಾಲದ ಪೀಡೆ, ಗಜಕರ್ಣ. ಬಟ್ಟೆ ಒಣಗುವುದಿಲ್ಲ, ಮ್ಯಾಟ್ ತೇವ, ಒಬ್ಬನಿಗೆ ಬಂದದ್ದು ಎಲ್ಲರಿಗೂ ಹರಡುತ್ತದೆ. ಕೆಂಪು ಉಂಗುರ ಕಂಡ ಕೂಡಲೇ ತಾಲೀಮು ಬಂದ್, ಚರ್ಮದ ಡಾಕ್ಟರ್‌ಗೆ ತೋರಿಸಬೇಕು. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಬೇಡಿ. ತುರಿಕೆ ಎರಡು ದಿನ ನಿಂತ ಹಾಗೆ ಕಂಡು, ಒಳಗೇ ಹರಡಿ, ವಾಸಿಯಾಗಲು ತಿಂಗಳುಗಳೇ ಹಿಡಿಯುತ್ತವೆ. ನಾಳೆ ಬರುವಾಗ ಪ್ರತಿಯೊಬ್ಬರೂ ಒಣ ಟವೆಲ್, ಇನ್ನೊಂದು ಜೊತೆ ಬಟ್ಟೆ ತರಬೇಕು. ಮೊದಲು ಮ್ಯಾಟ್ ಒರೆಸುವುದು, ಆಮೇಲೆ ಬೆನ್ನು ಬಿಡಿಸಿಕೊಳ್ಳುವ ಡ್ರಿಲ್, ಈ ಸಲ ಮುಕ್ಕಾಲು ವೇಗದಲ್ಲಿ.