ಜಾವಾದ ಈನಮ್ ಮತ್ತು ನೆಚ್ಚಬಾರದ ಕ್ರಮಾಂಕ

ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹಳೆಯ ಕ್ಯಾಲೆಂಡರ್ ಕ್ಲಾಸಿನಲ್ಲಿ ತಿಂಗಳುಗಳೂ ವಾರದ ದಿನಗಳೂ ಬರಿಯ ಪೂರ್ಣಾಂಕಗಳಾಗಿವೆ. ಜನವರಿಗೆ ಅಲ್ಲಿ ಸೊನ್ನೆ, ಫೆಬ್ರವರಿಗೆ 1, ಭಾನುವಾರಕ್ಕೂ 1. ಆದ್ದರಿಂದ ತಿಂಗಳನ್ನು ಕೊಡಬೇಕಾದ ಜಾಗದಲ್ಲಿ ಯಾರಾದರೂ ಕೈತಪ್ಪಿ ಭಾನುವಾರದ ಸ್ಥಿರಾಂಕವನ್ನು ಬರೆದರೆ, ಪ್ರೋಗ್ರಾಮನ್ನು ಯಂತ್ರಕ್ಕಾಗಿ ಅನುವಾದಿಸುವ ಕಂಪೈಲರ್ ಚಕಾರವೆತ್ತುವುದಿಲ್ಲ. ಪ್ರೋಗ್ರಾಮು ಅದನ್ನು ಫೆಬ್ರವರಿಯೆಂದೇ ತಿಳಿದು ಮುಂದೆ ಸಾಗುತ್ತದೆ. ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. ಇಂಥ ಸ್ಥಿರಾಂಕಗಳ ಬೆಲೆಯನ್ನು ಕಂಪೈಲರ್ ಅವುಗಳನ್ನು ಬಳಸುವ ಕ್ಲಾಸಿನೊಳಗೆ ನೇರವಾಗಿ ಅಚ್ಚೊತ್ತಿಬಿಡುವುದರಿಂದ, ಲೈಬ್ರರಿಯನ್ನು ಬರೆದವರು ಮುಂದೆ ಸಂಖ್ಯೆಯನ್ನು ಬದಲಿಸಿದರೂ ಮತ್ತೆ ಕಂಪೈಲ್ ಆಗದ ಕ್ಲಾಸುಗಳು ಹಳೆಯ ಸಂಖ್ಯೆಯನ್ನೇ ಹಿಡಿದುಕೊಂಡಿರುತ್ತವೆ.

2004ರಲ್ಲಿ ಬಂದ ಜಾವಾ 5 ಈ ಅವಸ್ಥೆಗೆ ಈನಮ್ ಎಂಬ, ಹೆಸರಿಟ್ಟ ಸ್ಥಿರಾಂಕಗಳ ನಿಗದಿತ ಪಟ್ಟಿಯ ಪರಿಹಾರವನ್ನು ಕೊಟ್ಟಿತು. ಸಿ ಭಾಷೆಯಲ್ಲಿ ಈನಮ್ ಎಂದರೆ ಹೆಸರು ತೊಟ್ಟ ಪೂರ್ಣಾಂಕ, ಅಷ್ಟೇ. ಜಾವಾದಲ್ಲಿ ಅದೊಂದು ಪೂರ್ಣಪ್ರಮಾಣದ ಕ್ಲಾಸು, ಅದರ ಒಂದೊಂದು ಸ್ಥಿರಾಂಕವೂ ಒಂದೊಂದು ಆಬ್ಜೆಕ್ಟು. ಆಬ್ಜೆಕ್ಟನ್ನು ಹುಟ್ಟಿಸುವ ಅದರ ಕನ್‌ಸ್ಟ್ರಕ್ಟರನ್ನು ಹೊರಗಿನಿಂದ ಕರೆಯಲಾಗದು. ರಿಫ್ಲೆಕ್ಷನ್ ಮೂಲಕ, ಅಂದರೆ ಪ್ರೋಗ್ರಾಮು ಓಡುವಾಗಲೇ ಕ್ಲಾಸಿನ ಒಳಹೊಕ್ಕು ನೋಡುವ ಸೌಲಭ್ಯದ ಮೂಲಕ, ಹಿಂಬಾಗಿಲಿನಿಂದ ಹೊಸದೊಂದನ್ನು ಹುಟ್ಟಿಸಲು ಹೋದರೂ ಎಕ್ಸೆಪ್ಷನ್ ಎದುರಾಗುತ್ತದೆ. ಆಬ್ಜೆಕ್ಟನ್ನು ಉಳಿಸಲೋ ಕಳುಹಿಸಲೋ ಸೀರಿಯಲೈಸ್ ಮಾಡುವಾಗ ಸ್ಥಿರಾಂಕದ ಹೆಸರನ್ನು ಮಾತ್ರ ಬರೆಯಲಾಗುತ್ತದೆ, ಓದುವಾಗ ಅದೇ ಹೆಸರಿನ ಆಬ್ಜೆಕ್ಟೇ ಮರಳಿ ಸಿಗುತ್ತದೆ. ಹೀಗೆ ಪ್ರತಿ ಸ್ಥಿರಾಂಕವೂ ಒಂದೇ ಒಂದು ಇರುತ್ತದೆಂಬ ಭರವಸೆಯಿರುವುದರಿಂದಲೇ ಈನಮ್‌ಗಳನ್ನು ಎರಡು ಸಮಚಿಹ್ನೆಗಳಿಂದ ಹೋಲಿಸುವುದು ಸುರಕ್ಷಿತ. ತಿಂಗಳನ್ನು ಕೇಳುವ ಮೆಥಡ್‌ಗೆ ಈಗ ತಿಂಗಳನ್ನಲ್ಲದೆ ಬೇರೇನನ್ನೂ ಕೊಡಲು ಬರುವುದಿಲ್ಲ, ‘ಏನೂ ಇಲ್ಲ’ ಎಂದು ಸೂಚಿಸುವ ನಲ್ ಒಂದನ್ನು ಬಿಟ್ಟು. ಅದರ ಕಾಟದಿಂದ ಜಾವಾದಲ್ಲಿ ಯಾರಿಗೆ ತಾನೆ ಬಿಡುಗಡೆ?

ಈನಮ್ ಕ್ಲಾಸೇ ಆಗಿರುವಾಗ ಅದರೊಳಗೆ ಫೀಲ್ಡುಗಳನ್ನೂ ಮೆಥಡ್‌ಗಳನ್ನೂ ಇಡಬಹುದು, ಅದು ಇಂಟರ್‌ಫೇಸನ್ನು ಅನುಸರಿಸುವಂತೆಯೂ ಮಾಡಬಹುದು. ಅನೇಕರು ಇಷ್ಟರ ಮಟ್ಟಿಗೆ ಹೋಗದೆ, ಈನಮ್‌ನಲ್ಲಿ ಹೆಸರುಗಳನ್ನಷ್ಟೇ ಸಾಲಾಗಿ ಬರೆದು, ಅವುಗಳ ವರ್ತನೆಯನ್ನು ಪ್ರೋಗ್ರಾಮಿನ ಹತ್ತು ಕಡೆ, ಬೆಲೆಗೊಂದು ಕವಲು ಬರೆಯುವ ಸ್ವಿಚ್‌ಗಳಲ್ಲಿ ಚದುರಿಸಿಬಿಡುತ್ತಾರೆ. ಜಾವಾದೊಂದಿಗೇ ಬರುವ, ಕಾಲದ ಅಳತೆಗಳ ಈನಮ್ ಆದ ಟೈಮ್‌ಯೂನಿಟ್ ಇದಕ್ಕಿಂತ ಒಳ್ಳೆಯ ಮಾದರಿ: ಸೆಕೆಂಡು ಎಂಬ ಸ್ಥಿರಾಂಕವನ್ನೇ ಕೇಳಿದರೆ ಅದು ತನ್ನನ್ನು ಮಿಲಿಸೆಕೆಂಡುಗಳಿಗೆ ಪರಿವರ್ತಿಸಿಕೊಡುತ್ತದೆ. ಮೊದಮೊದಲು ಈ ಈನಮ್‌ನಲ್ಲಿ ಪ್ರತಿ ಸ್ಥಿರಾಂಕಕ್ಕೂ ಅದರದೇ ಮೆಥಡ್‌ಗಳನ್ನು ಬರೆಯಲಾಗಿತ್ತು. ಜಾವಾ 9ರಲ್ಲಿ ಅದನ್ನೆಲ್ಲ ತೆಗೆದು, ಪ್ರತಿ ಸ್ಥಿರಾಂಕದಲ್ಲಿ ಒಂದು ಅಳತೆಯ ಸಂಖ್ಯೆಯನ್ನಿಟ್ಟು, ಎಲ್ಲಕ್ಕೂ ಸಮಾನವಾದ ಮೆಥಡ್‌ಗಳನ್ನು ಬರೆದರು. ನನ್ನ ದೃಷ್ಟಿಯಲ್ಲಿ ಅನುಸರಿಸಬೇಕಾದ ಕ್ರಮವೂ ಇದೇ. ಸ್ಥಿರಾಂಕಗಳು ಮಾಹಿತಿಯಲ್ಲಿ ಮಾತ್ರ ಬೇರೆಯಾದರೆ ಫೀಲ್ಡು ಸಾಕು. ಲೆಕ್ಕ ಮಾಡುವ ವಿಧಾನವೇ ಬೇರೆಯಾದಾಗ ಅಬ್‌ಸ್ಟ್ರಾಕ್ಟ್ ಮೆಥಡ್ ಒಂದನ್ನು ಘೋಷಿಸಿ, ಪ್ರತಿಯೊಂದು ಸ್ಥಿರಾಂಕವೂ ಅದನ್ನು ತನ್ನದೇ ರೀತಿಯಲ್ಲಿ ಬರೆಯುವಂತೆ ಮಾಡಬೇಕು. ಹಾಗೆ ಮಾಡಿದಾಗ ಹೊಸ ಸ್ಥಿರಾಂಕವನ್ನು ಸೇರಿಸುವವರು ಆ ಮೆಥಡ್ಡನ್ನು ಮರೆತರೆ ಕಂಪೈಲರ್ ಅಲ್ಲೇ ತಡೆಯುತ್ತದೆ.

ಸ್ವಿಚ್ ಬೇಕೇ ಬೇಕಾದಲ್ಲಿ 2020ರ ಜಾವಾ 14ರಿಂದ ದೊರೆಯುವ, ಬೆಲೆಯೊಂದನ್ನು ಹಿಂತಿರುಗಿಸುವ ಸ್ವಿಚ್ಚನ್ನು ಬಳಸುವುದು ಮೇಲು. ಎಲ್ಲ ಸ್ಥಿರಾಂಕಗಳಿಗೂ ಉತ್ತರ ಬರೆಯದಿದ್ದರೆ ಅದು ಕಂಪೈಲ್ ಆಗುವುದಿಲ್ಲ. ಆದರೆ ಎಚ್ಚರಿಕೆಯ ಹೆಸರಿನಲ್ಲಿ ಕೊನೆಗೊಂದು ಡಿಫಾಲ್ಟ್ ಸಾಲನ್ನು ಸೇರಿಸಿದರೆ ಈ ತಪಾಸಣೆಯ ಪ್ರಯೋಜನವೇ ಹೋಗುತ್ತದೆ. ನಾಳೆ ಸೇರುವ ಸ್ಥಿರಾಂಕ ಯಾರ ಗಮನಕ್ಕೂ ಬಾರದೆ ಆ ಸಾಲಿಗೆ ಬಂದು ಬೀಳುತ್ತದೆ.

ಇನ್ನು ಆರ್ಡಿನಲ್ ವಿಚಾರ. ಪ್ರತಿ ಈನಮ್ ಸ್ಥಿರಾಂಕಕ್ಕೂ ಘೋಷಣೆಯ ಸಾಲಿನಲ್ಲಿ ಅದಕ್ಕಿರುವ ಸ್ಥಾನವನ್ನು ಹೇಳುವ, ಸೊನ್ನೆಯಿಂದ ಆರಂಭವಾಗುವ ಒಂದು ಕ್ರಮಾಂಕವಿರುತ್ತದೆ. ಇದು ಸ್ಥಿರಾಂಕಗಳ ಗುಂಪನ್ನಿಡುವ ಈನಮ್‌ಸೆಟ್ ಮತ್ತು ಒಂದೊಂದು ಸ್ಥಿರಾಂಕಕ್ಕೂ ಒಂದು ಬೆಲೆಯನ್ನು ಜೋಡಿಸಿಡುವ ಈನಮ್‌ಮ್ಯಾಪ್‌ಗಳಂಥ ರಚನೆಗಳಿಗಾಗಿ ಇರುವುದೆಂದೂ ಹೆಚ್ಚಿನ ಪ್ರೋಗ್ರಾಮರುಗಳಿಗೆ ಇದರಿಂದ ಉಪಯೋಗವಿಲ್ಲವೆಂದೂ ಜಾವಾದ ದಸ್ತಾವೇಜೇ ಹೇಳುತ್ತದೆ. ಆ ರಚನೆಗಳು ಇದನ್ನು ಬಳಸಿಕೊಳ್ಳುವ ಬಗೆ ಸೊಗಸಾಗಿದೆ: ಸ್ಥಿರಾಂಕಗಳು 64ರ ಒಳಗಿದ್ದರೆ ಇಡೀ ಈನಮ್‌ಸೆಟ್ ಒಂದು ಲಾಂಗ್ (64 ಬಿಟ್‌ಗಳ) ಸಂಖ್ಯೆಯ ಬಿಟ್‌ಗಳಲ್ಲಿ ಅಡಗುತ್ತದೆ; ಈನಮ್‌ಮ್ಯಾಪ್ ಹ್ಯಾಷಿಂಗ್‌ನ ಗೊಡವೆಯಿಲ್ಲದ ಒಂದು ಅರೇ. ಪ್ರೋಗ್ರಾಮು ಓಡುತ್ತಿರುವಷ್ಟು ಹೊತ್ತು ಕ್ರಮಾಂಕ ಬದಲಾಗದಿರುವುದರಿಂದ ಇವೆಲ್ಲ ಸಾಧ್ಯವಾಗಿವೆ. ಅದೇ ಕ್ರಮಾಂಕ ಡೇಟಾಬೇಸಿಗೆ ಹೋಯಿತೆಂದರೆ ಕಥೆಯೇ ಬೇರೆ.

ದುರದೃಷ್ಟವೆಂದರೆ, ಆಬ್ಜೆಕ್ಟುಗಳನ್ನು ಡೇಟಾಬೇಸಿನಲ್ಲಿ ಉಳಿಸುವುದಕ್ಕಿರುವ ಜಾವಾದ ಪರ್ಸಿಸ್ಟೆನ್ಸ್ ಮಾನಕ ಜೆಪಿಎ ಈನಮ್ ಫೀಲ್ಡನ್ನು ಉಳಿಸುವಾಗ ನಾವು ಬೇರೆ ಏನನ್ನೂ ಹೇಳದಿದ್ದರೆ ಈ ಕ್ರಮಾಂಕವನ್ನೇ ಬರೆಯುತ್ತದೆ. ಗ್ರಾಹಕರ ಖರೀದಿ ಆದೇಶವೊಂದರ ಸ್ಥಿತಿಗಳು ಬಂದದ್ದು, ಕಳುಹಿಸಿದ್ದು, ತಲುಪಿದ್ದು ಎಂಬ ಸಾಲಿನಲ್ಲಿವೆ ಎಂದಿಟ್ಟುಕೊಳ್ಳೋಣ. ಮುಂದೊಂದು ದಿನ ಯಾರೋ ಮೊದಲೆರಡರ ನಡುವೆ ‘ರದ್ದಾದದ್ದು’ ಎಂದು ಸೇರಿಸಿದರೆ, ಹಿಂದೆ ಕಳುಹಿಸಿದ ಆದೇಶಗಳೆಲ್ಲ ರದ್ದಾದವುಗಳಾಗಿಯೂ ತಲುಪಿದವುಗಳೆಲ್ಲ ಇನ್ನೂ ದಾರಿಯಲ್ಲಿರುವವುಗಳಾಗಿಯೂ ಓದಿಗೆ ಸಿಗುತ್ತವೆ. ಕಂಪೈಲರ್ ದೂರುವುದಿಲ್ಲ, ಡೇಟಾಬೇಸೂ ದೂರುವುದಿಲ್ಲ. ಹೆಸರನ್ನು ಅಕ್ಷರಗಳಲ್ಲಿ ಉಳಿಸುವಂತೆ ಹೇಳುವುದು ಇದಕ್ಕಿಂತ ಮೇಲು, ಆದರೆ ಆಗ ಸ್ಥಿರಾಂಕದ ಹೆಸರನ್ನು ಬದಲಿಸುವ ಸ್ವಾತಂತ್ರ್ಯ ಕೈತಪ್ಪುತ್ತದೆ. ನಾನು ಆರಿಸುವ ದಾರಿಯೆಂದರೆ, ಸ್ಥಿರಾಂಕದೊಳಗೇ ಒಂದು ಸಂಕೇತವನ್ನು ಫೀಲ್ಡಾಗಿ ಇಟ್ಟು, ಡೇಟಾಬೇಸಿಗೆ ಅದನ್ನು ಮಾತ್ರ ಕಳುಹಿಸುವುದು. 2014ರಲ್ಲಿ ಬಂದ ಜಾವಾ 8ರ ವಾರದ ದಿನಗಳ ಈನಮ್ ಡೇಆಫ್‌ವೀಕ್ ಹಾಗೆ ಫೀಲ್ಡನ್ನು ಇಟ್ಟುಕೊಳ್ಳದಿದ್ದರೂ ತನ್ನ ಬೆಲೆಯಾಗಿ ಆರ್ಡಿನಲನ್ನೇ ಕೊಡುವುದಿಲ್ಲ: ಸೋಮವಾರದ ಆರ್ಡಿನಲ್ ಸೊನ್ನೆಯಾದರೂ ಅದು ಹೊರಗಿನವರಿಗೆ ಹೇಳುವ ಬೆಲೆ ಐಎಸ್ಒ 8601 ಮಾನಕದಂತೆ 1.

ಬಳಕೆದಾರರಿಗೆ ತೋರಿಸುವ ಹೆಸರೂ ಸ್ಥಿರಾಂಕದ ಹೆಸರೂ ಒಂದೇ ಆಗಿರಬೇಕಿಲ್ಲ. ಅದೇ ಡೇಆಫ್‌ವೀಕ್‌ಗೆ ಕನ್ನಡದ ಲೊಕೇಲ್ (ಭಾಷೆ-ಪ್ರದೇಶದ ಆಯ್ಕೆ) ಕೊಟ್ಟು ತೋರಿಕೆಯ ಹೆಸರನ್ನು ಕೇಳಿದರೆ ‘ಸೋಮವಾರ’ ಎಂದೇ ಉತ್ತರಿಸುತ್ತದೆ.

ಈನಮ್ ಹೊಂದುವುದು ಪಟ್ಟಿಯನ್ನು ಬದಲಿಸುವ ಅಧಿಕಾರ ಪ್ರೋಗ್ರಾಮು ಬರೆಯುವವರ ಕೈಯಲ್ಲಿದ್ದಾಗ, ಇಲ್ಲವೇ ವಾರದ ದಿನಗಳಂತೆ ಯಾರೂ ಅದನ್ನು ಬದಲಿಸದಿರುವಾಗ. ಕರ್ನಾಟಕದ ಜಿಲ್ಲೆಗಳನ್ನು ಈನಮ್ ಆಗಿ ಬರೆಯುವ ಆಸೆ ಸಹಜವೇ, ಏಕೆಂದರೆ ಪಟ್ಟಿ ಚಿಕ್ಕದು, ಹೆಸರುಗಳು ಪರಿಚಿತ. ಆದರೆ 2014ರಲ್ಲಿ ಗುಲ್ಬರ್ಗಾ ಕಲಬುರಗಿಯಾಯಿತು, 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾಗಿ ಜಿಲ್ಲೆಗಳ ಸಂಖ್ಯೆ 30ರಿಂದ 31ಕ್ಕೆ ಏರಿತು. ಸರ್ಕಾರದ ಒಂದು ಅಧಿಸೂಚನೆಗಾಗಿ ಪ್ರೋಗ್ರಾಮನ್ನು ಮತ್ತೆ ಕಂಪೈಲ್ ಮಾಡಿ ಎಲ್ಲ ಸರ್ವರ್‌ಗಳಿಗೂ ಹಂಚಬೇಕಾದ ಪರಿಸ್ಥಿತಿ ಬರಬಾರದೆಂದರೆ ಅಂಥ ಪಟ್ಟಿ ಡೇಟಾಬೇಸಿನ ಟೇಬಲ್ಲಿನಲ್ಲಿಯೇ ಇರಬೇಕು.