ಗುಂಡನ ಊಟದ ದಾಖಲೆ: ಹೆಡ್ಜ್‌ಹಾಗ್ ಮರಿಯ ಮೊದಲ ಆರು ತಿಂಗಳು

ಆಗಸ್ಟ್, ಮೊದಲ ವಾರ

ಟೆಕ್ಸಾಸ್‌ನ ಆಸ್ಟಿನ್ ಬಳಿಯ ನಮ್ಮ ಮನೆಗೆ ಎಂಟು ವಾರ ತುಂಬಿದ ಆಫ್ರಿಕನ್ ಪಿಗ್ಮಿ ಹೆಡ್ಜ್‌ಹಾಗ್ ಮರಿಯೊಂದು ಬಂದಿದೆ. ಮಗಳು ಅದಕ್ಕೆ ಗುಂಡ ಎಂದು ಹೆಸರಿಟ್ಟಿದ್ದಾಳೆ. ಕ್ಯಾಲಿಫೋರ್ನಿಯಾ, ಜಾರ್ಜಿಯಾ, ಹವಾಯಿ, ಪೆನ್ಸಿಲ್ವೇನಿಯಾ ರಾಜ್ಯಗಳಲ್ಲಿಯೂ ನ್ಯೂಯಾರ್ಕ್ ನಗರದಲ್ಲಿಯೂ ಈ ಪ್ರಾಣಿಯನ್ನು ಸಾಕುವಂತಿಲ್ಲ. ಟೆಕ್ಸಾಸ್‌ನಲ್ಲಿ ಅಂಥ ನಿರ್ಬಂಧವಿಲ್ಲದಿರುವುದರಿಂದ, ಪರವಾನಗಿಯುಳ್ಳ ಬ್ರೀಡರ್ ಒಬ್ಬರಿಂದ ತಂದೆವು. ಇಂದಿನ ತೂಕ 196 ಗ್ರಾಂ.

ಊಟದ ವಿಚಾರಕ್ಕೆ ಇಳಿಯುವ ಮೊದಲು ಇದು ಎಂಥ ಪ್ರಾಣಿ ಎಂಬುದನ್ನು ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಮುಂದಿನ ಎಲ್ಲ ತೀರ್ಮಾನಗಳೂ ಅಲ್ಲಿಂದಲೇ ಹೊರಡುತ್ತವೆ. ಮೈಮೇಲೆ ಮುಳ್ಳಿದ್ದರೂ ಇದಕ್ಕೂ ನಮ್ಮ ಮಲೆನಾಡಿನ ಮುಳ್ಳುಹಂದಿಗೂ ನೆಂಟಸ್ತನವಿಲ್ಲ. ಮುಳ್ಳುಹಂದಿ ಇಲಿ, ಅಳಿಲುಗಳ ಹಾಗೆ ದಂಶಕ; ಬೇರು, ಗೆಡ್ಡೆ, ತೊಗಟೆಗಳನ್ನು ಕಡಿದು ತಿಂದು ಅರಗಿಸಿಕೊಳ್ಳುತ್ತದೆ. ಹೆಡ್ಜ್‌ಹಾಗ್ ಸೊಂಡಿಲಿಯ ಬಳಗಕ್ಕೆ ಸೇರಿದ್ದು. ರಾತ್ರಿಯಿಡೀ ನೆಲ ಮೂಸುತ್ತ ಜೀರುಂಡೆ, ಹುಳು, ಗೆದ್ದಲುಗಳನ್ನು ಹುಡುಕಿ ತಿನ್ನುವ ಕೀಟಾಹಾರಿ. ಸೊಪ್ಪುಸದೆಯನ್ನು ಹುಳಿಯಿಸಿ ಜೀರ್ಣಿಸಲು ಬೇಕಾದ ಕುರುಡುಕರುಳು ಇದರ ಹೊಟ್ಟೆಯಲ್ಲಿ ಇಲ್ಲವೇ ಇಲ್ಲ. ತಮಿಳುನಾಡಿನ ಒಣ ಕುರುಚಲು ಬಯಲುಗಳಲ್ಲಿಯೂ ಹೆಡ್ಜ್‌ಹಾಗ್‌ನ ಒಂದು ಜಾತಿಯಿದೆ, ಆದರೆ ಅದು ಕಾಡುಪ್ರಾಣಿ. ಊರಿನ ಯಾರಾದರೂ ಇದನ್ನು ಓದಿ ಅದನ್ನು ಹಿಡಿದು ಸಾಕಲು ಹೊರಡಬಾರದೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಬ್ರೀಡರ್ ಕೊಡುತ್ತಿದ್ದ ಬೆಕ್ಕಿನ ಮರಿಗಳ ಒಣ ಆಹಾರವನ್ನೇ ಒಂದು ಚೀಲದಷ್ಟು ಕೇಳಿ ತಂದಿದ್ದೇನೆ. ಜಾಗ, ವಾಸನೆ, ಕೈಗಳು ಎಲ್ಲವೂ ಹೊಸದಾಗಿರುವಾಗ ತಟ್ಟೆಯಲ್ಲಿರುವುದಾದರೂ ಹಳೆಯದಿರಲಿ ಎಂಬುದು ನನ್ನ ವಿಚಾರ. ಸಂಜೆ ಕತ್ತಲಾದ ಮೇಲೆ ತಟ್ಟೆ ಇಡುತ್ತೇವೆ, ಬೆಳಿಗ್ಗೆ ತೆಗೆಯುತ್ತೇವೆ. ನೀರಿಗೆ ಬಾಟಲಿಯ ಕೊಳವೆಯ ಬದಲು ಭಾರವಾದ ಪಿಂಗಾಣಿ ಬಟ್ಟಲನ್ನಿಟ್ಟಿದ್ದೇವೆ. ತಲೆಯೆತ್ತಿ ಲೋಹದ ಗುಂಡನ್ನು ನೆಕ್ಕುವುದಕ್ಕಿಂತ ತಲೆ ತಗ್ಗಿಸಿ ಕುಡಿಯುವುದು ಅದಕ್ಕೆ ಸಹಜ, ಹಲ್ಲಿಗೂ ಕ್ಷೇಮ.

ಆಗಸ್ಟ್, ಕೊನೆಯ ವಾರ

ಮರಿಮುಳ್ಳುಗಳು ಉದುರಿ ಅವುಗಳ ಜಾಗದಲ್ಲಿ ದಪ್ಪನೆಯ ಮುಳ್ಳುಗಳು ಚರ್ಮವನ್ನು ಸೀಳಿಕೊಂಡು ಬರುತ್ತಿವೆ. ಈ ವಯಸ್ಸಿನಲ್ಲಿ ಇದು ಎಲ್ಲ ಮರಿಗಳಿಗೂ ಆಗುವಂಥದ್ದು. ಹಾಲುಹಲ್ಲು ಬಿದ್ದು ಶಾಶ್ವತ ಹಲ್ಲುಗಳು ಮೂಡುವುದೂ ಹೆಚ್ಚುಕಡಿಮೆ ಇದೇ ಕಾಲಕ್ಕೆ. ಗುಂಡ ಸಿಡಿಮಿಡಿಗೊಳ್ಳುತ್ತಾನೆ, ಮುಟ್ಟಿದರೆ ಬುಸುಗುಡುತ್ತಾನೆ, ತಟ್ಟೆಯಲ್ಲಿ ಅರ್ಧದಷ್ಟನ್ನು ಹಾಗೆಯೇ ಬಿಡುತ್ತಾನೆ. ತಿಂಗಳ ನಡುವಿನಲ್ಲಿ ತೂಕ 203 ಗ್ರಾಂನಲ್ಲಿ ನಿಂತುಬಿಟ್ಟಿತ್ತು.

ಇಂಥ ಹೊತ್ತಿನಲ್ಲಿ ಆಸೆ ತೋರಿಸಿ ಸಿಹಿಯಾದುದನ್ನೋ ಕೊಬ್ಬಿನ ಹುಳುಗಳನ್ನೋ ರಾಶಿ ಹಾಕುವುದು ಸುಲಭ. ಹಾಗೆ ಮಾಡಿದರೆ ಮರಿ ಮೂಲ ಆಹಾರವನ್ನು ಬಿಟ್ಟು ಅದನ್ನೇ ಕಾಯುವುದನ್ನು ಕಲಿಯುತ್ತದೆ ಎಂದು ಗುಂಡನ ಪಶುವೈದ್ಯೆ ಮೊದಲೇ ಎಚ್ಚರಿಸಿದ್ದರು. ಆದ್ದರಿಂದ ಅದೇ ಒಣ ಆಹಾರವನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ, ಒಂದು ಪಾಲು ಮೆತ್ತಗಿನದು, ಒಂದು ಪಾಲು ಒಣಗಿದ್ದು ಎಂದು ಎರಡು ತಟ್ಟೆಗಳಲ್ಲಿ ಇಟ್ಟೆವು. ನೆನೆದದ್ದು ಬೇಗ ಹಳಸುವುದರಿಂದ ಕೆಲವು ಗಂಟೆಗಳಲ್ಲಿ ಅದನ್ನು ತೆಗೆದುಬಿಡಬೇಕು. ಮುಖ್ಯವಾದ ಅಭ್ಯಾಸವೊಂದು ಈಗಲೇ ಶುರುವಾಗಿದೆ: ಇಡುವಾಗ ಕಾಳುಗಳನ್ನು ಎಣಿಸಿ ಇಡುವುದು, ಬೆಳಿಗ್ಗೆ ಉಳಿದದ್ದನ್ನು ಎಣಿಸುವುದು. ಹೆಡ್ಜ್‌ಹಾಗ್ ನಿದ್ದೆಯಲ್ಲಿ ಹಗಲು ಕಳೆಯುವ, ಕಾಯಿಲೆಯನ್ನು ಬಚ್ಚಿಟ್ಟುಕೊಳ್ಳುವ ಪ್ರಾಣಿ. ಅದರ ಆರೋಗ್ಯದ ಸುದ್ದಿ ಮೊದಲು ತಿಳಿಯುವುದು ತಟ್ಟೆಯಿಂದ ಮತ್ತು ತಕ್ಕಡಿಯಿಂದ. ಒಂದೆರಡು ದಿನ ಏನನ್ನೂ ತಿನ್ನದೆ ಹೋದರೆ ಮೈಯ ಕೊಬ್ಬು ಯಕೃತ್ತಿಗೆ ನುಗ್ಗಿ ಅಲ್ಲಿ ಶೇಖರವಾಗುವ ಅಪಾಯವಿರುವುದರಿಂದ, ಪೂರ್ತಿ ಉಪವಾಸದ ಒಂದು ರಾತ್ರಿ ಕಳೆದರೂ ವೈದ್ಯರಿಗೆ ಫೋನ್ ಮಾಡಬೇಕೆಂದು ನಮ್ಮಲ್ಲಿ ನಿಯಮ ಮಾಡಿಕೊಂಡಿದ್ದೇವೆ. ಫೋನ್ ಮಾಡುವ ಪ್ರಸಂಗ ಬರಲಿಲ್ಲ. ಇಂದು 241 ಗ್ರಾಂ.

ಸೆಪ್ಟೆಂಬರ್

ಹಳೆಯ ಚೀಲ ಮುಗಿಯುತ್ತ ಬಂದಿದ್ದರಿಂದ ಹೊಸ ಆಹಾರವನ್ನು ಆರಿಸುವ ಕೆಲಸ ಹಿಡಿದೆ. ಹೆಡ್ಜ್‌ಹಾಗ್‌ಗೆ ಇಂತಿಷ್ಟೇ ಪೋಷಕಾಂಶ ಬೇಕೆಂಬ ಸಂಪೂರ್ಣ ಪಟ್ಟಿಯನ್ನು ವಿಜ್ಞಾನ ಇನ್ನೂ ಸಿದ್ಧಪಡಿಸಿಲ್ಲ. ಹಾಗಾಗಿ ಒಳ್ಳೆಯ ದರ್ಜೆಯ ಬೆಕ್ಕಿನ ಆಹಾರವೇ ಬಹುಮಂದಿ ಪಶುವೈದ್ಯರು ಹೇಳುವ ಆಧಾರ. ಹೆಡ್ಜ್‌ಹಾಗ್‌ನ ಚಿತ್ರ ಹಾಕಿ ಮಾರುವ ಪೊಟ್ಟಣಗಳೂ ಅಂಗಡಿಯಲ್ಲಿವೆ, ಆದರೆ ಅವುಗಳಲ್ಲಿ ಕೆಲವು ಒಣ ಹಣ್ಣು, ಬೀಜ, ಧಾನ್ಯಗಳ ಮಿಶ್ರಣಗಳಾಗಿರುವುದನ್ನು ನೋಡಿ ನನಗೆ ಬೇಸರವಾಯಿತು. ಚಿತ್ರವನ್ನು ಬಿಟ್ಟು ಹಿಂಬದಿಯ ಅಂಕಿಗಳನ್ನು ಓದಬೇಕು.

ನಾನು ಹುಡುಕಿದ್ದು ಇಷ್ಟು: ಪ್ರೋಟೀನ್ ಶೇ. 30ರಿಂದ 35, ಕೊಬ್ಬು ಶೇ. 15ರ ಆಸುಪಾಸು, ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರು ಕೋಳಿ ಅಥವಾ ಟರ್ಕಿಯ ಮಾಂಸ. ಬೆಳೆಯುವ ಮರಿಗೆ ಕೊಬ್ಬು ಇನ್ನೂ ಸ್ವಲ್ಪ ಹೆಚ್ಚಿದ್ದರೂ ಸಲ್ಲುತ್ತದೆ. ದೊಡ್ಡದಾದ ಮೇಲೆ ಅದನ್ನು ಶೇ. 10ರಿಂದ 15ರ ಒಳಗೆ ಇಳಿಸಬೇಕು. ಡಬ್ಬಿಯ ಹಸಿ ಆಹಾರದ ಅಂಕಿಗಳನ್ನು ಒಣ ಆಹಾರದ ಅಂಕಿಗಳ ಪಕ್ಕದಲ್ಲಿಟ್ಟು ನೇರವಾಗಿ ಹೋಲಿಸಬಾರದು. ಡಬ್ಬಿಯ ಮೇಲೆ ಪ್ರೋಟೀನ್ ಶೇ. 10, ತೇವಾಂಶ ಶೇ. 78 ಎಂದಿದ್ದರೆ, ನೀರನ್ನು ಕಳೆದು ಉಳಿದ 22 ಪಾಲಿನಲ್ಲಿ 10 ಪಾಲು ಪ್ರೋಟೀನ್, ಅಂದರೆ ಶೇ. 45ರಷ್ಟು ಎಂದು ಲೆಕ್ಕ ಹಾಕಬೇಕು. ಕಾಳಿನ ಗಾತ್ರವನ್ನೂ ಗಮನಿಸಿದೆ. ಗುಂಡನ ಬಾಯಿ ಚಿಕ್ಕದು, ದೊಡ್ಡ ತ್ರಿಕೋನಾಕಾರದ ಕಾಳು ಅದರಲ್ಲಿ ಸಿಕ್ಕಿಕೊಳ್ಳಬಹುದು.

ಹೊಸದನ್ನು ಹತ್ತು ದಿನಗಳಿಗೆ ಹಂಚಿಕೊಂಡು, ಕಾಲು ಭಾಗದಿಂದ ಆರಂಭಿಸಿ ಬೆರೆಸುತ್ತ ಹೋದೆವು. ಒಮ್ಮೆಗೇ ಬದಲಾಯಿಸಿದರೆ ಹೊಟ್ಟೆ ಕೆಟ್ಟು ಹಿಕ್ಕೆ ಹಸಿರಾಗುತ್ತದೆ. ಮೊದಲ ರಾತ್ರಿ ಗುಂಡ ಹೊಸ ಕಾಳನ್ನು ಬಾಯಲ್ಲಿ ಜಗಿದು, ನೊರೆ ಮಾಡಿ, ಮೈ ತಿರುಚಿ ಆ ನೊರೆಯನ್ನು ನಾಲಿಗೆಯಿಂದ ಬೆನ್ನಿನ ಮುಳ್ಳುಗಳಿಗೆ ಬಳಿದುಕೊಂಡ. ಅಪರಿಚಿತ ವಾಸನೆ ಸಿಕ್ಕಾಗಲೆಲ್ಲ ಹೆಡ್ಜ್‌ಹಾಗ್‌ಗಳು ಹೀಗೆ ಮಾಡುತ್ತವೆ, ಇದು ಕಾಯಿಲೆಯಲ್ಲ. ಗಾಬರಿಯಾಗಿದ್ದ ಮಗಳಿಗೆ ಇದನ್ನು ವಿವರಿಸಿದ ಮೇಲೆ ಅವಳು ತನ್ನ ಪುಸ್ತಕದಲ್ಲಿ ಪ್ರತಿ ಹೊಸ ಆಹಾರದ ಮುಂದೆ ‘ಬಳಿದುಕೊಂಡ’ ಅಥವಾ ‘ಬಳಿದುಕೊಳ್ಳಲಿಲ್ಲ’ ಎಂದು ಬರೆಯತೊಡಗಿದ್ದಾಳೆ.

ಅಕ್ಟೋಬರ್

ಈ ತಿಂಗಳಿನದು ಕೀಟಗಳ ಅಧ್ಯಾಯ. ನಮ್ಮದು ಸಸ್ಯಾಹಾರಿ ಮನೆ. ಬೆಕ್ಕಿನ ಆಹಾರದ ಚೀಲ ಒಳಗೆ ಬಂದಾಗ ಯಾರಿಗೂ ಅಷ್ಟಾಗಿ ಅನ್ನಿಸದಿದ್ದದ್ದು, ಜೀವಂತ ಹುಳುಗಳ ಡಬ್ಬಿ ಬಂದಾಗ ಮನೆಮಂದಿಯ ಮನಸ್ಸಿಗೆ ನಾಟಿತು. ನಾವು ಕೂತು ಮಾತಾಡಿದೆವು. ಕೀಟಾಹಾರಿಯನ್ನು ಸಾಕಲು ಒಪ್ಪಿದ ಮೇಲೆ ಅದರ ಹೊಟ್ಟೆಗೆ ಬೇಕಾದುದನ್ನು ಕೊಡುವುದು ನಮ್ಮ ಹೊಣೆ. ನಮ್ಮ ಆಚಾರವನ್ನು ಅದರ ಮೇಲೆ ಹೇರಿದರೆ ಸೊರಗುವುದು ಅದರ ದೇಹ. ನಾನು ಹೀಗೆಯೇ ನಂಬಿದ್ದೇನೆ. ಹುಳುಗಳಿಗೆಂದು ಗ್ಯಾರೇಜಿನಲ್ಲಿ ಪ್ರತ್ಯೇಕವಾದ ಸಣ್ಣ ಫ್ರಿಜ್, ಚಿಮಟ, ಬಟ್ಟಲುಗಳನ್ನು ಇಟ್ಟುಕೊಂಡೆವು. ಅಡುಗೆಮನೆಯ ಸಿಂಕ್‌ನಲ್ಲಿ ಗುಂಡನ ಯಾವ ವಸ್ತುವನ್ನೂ ತೊಳೆಯುವುದಿಲ್ಲ. ಇದು ಆಚಾರದ ಮಾತಷ್ಟೇ ಅಲ್ಲ: ನೋಡಲು ಆರೋಗ್ಯವಾಗಿರುವ ಹೆಡ್ಜ್‌ಹಾಗ್ ಕೂಡ ಸಾಲ್ಮೊನೆಲ್ಲಾ ಹೊತ್ತಿರಬಹುದು, 2019ರಲ್ಲಿಯೂ 2020ರಲ್ಲಿಯೂ ಅಮೆರಿಕದಲ್ಲಿ ಸಾಕು ಹೆಡ್ಜ್‌ಹಾಗ್‌ಗಳಿಂದ ಜನರಿಗೆ ಈ ಸೋಂಕು ತಗಲಿದ್ದನ್ನು ಅಲ್ಲಿನ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, ವರದಿ ಮಾಡಿತ್ತು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದರಲ್ಲಿ ನಮ್ಮಲ್ಲಿ ರಿಯಾಯಿತಿಯಿಲ್ಲ.

ಕೀಟಗಳು ಏಕೆ ಬೇಕು? ಅವುಗಳ ಹೊರಕವಚದಲ್ಲಿರುವ ಕೈಟಿನ್ ಈ ಪ್ರಾಣಿಗೆ ನಾರಿನ ಕೆಲಸ ಮಾಡುತ್ತದೆ, ಬೆಕ್ಕಿನ ಆಹಾರದಲ್ಲಿ ಅದು ದೊರೆಯುವುದಿಲ್ಲ. ಜೊತೆಗೆ ಹುಡುಕಿ, ಹಿಡಿದು, ಕರುಮ್ಮನೆ ಕಡಿಯುವುದರಲ್ಲಿ ಮರಿಗೆ ವ್ಯಾಯಾಮವೂ ಇದೆ, ಸಂತೋಷವೂ ಇದೆ. ಆದರೆ ಎಲ್ಲ ಕೀಟಗಳೂ ಒಂದೇ ಅಲ್ಲ. ಅಂಗಡಿಯಲ್ಲಿ ಎಲ್ಲೆಡೆ ಸಿಗುವ ಮೀಲ್‌ವರ್ಮ್ ಎಂಬ ಜೀರುಂಡೆಯ ಮರಿಹುಳುವಿನಲ್ಲಿ ಹಸಿ ತೂಕದ ಶೇ. 13ರಷ್ಟು ಕೊಬ್ಬಿದೆ, ಕ್ರಿಕೆಟ್ ಎಂಬ ಮಿಡತೆಯಂಥ ಕೀಟದಲ್ಲಿ ಅದರ ಅರ್ಧದಷ್ಟು, ಮೇಣದ ಹುಳುವಿನಲ್ಲಿ ಶೇ. 25ರಷ್ಟು. ಇದಕ್ಕಿಂತ ಗಂಭೀರವಾದದ್ದು ಕ್ಯಾಲ್ಸಿಯಂ ಮತ್ತು ರಂಜಕದ ಲೆಕ್ಕ. ಬೆಳೆಯುವ ಮೂಳೆಗೆ ಇವೆರಡೂ ಹತ್ತಿರ ಹತ್ತಿರ ಸಮನಾಗಿ, ಕ್ಯಾಲ್ಸಿಯಂ ತುಸು ಹೆಚ್ಚಾಗಿ ದೊರೆಯಬೇಕು. ಮೀಲ್‌ವರ್ಮ್‌ನಲ್ಲಿ 1 ಪಾಲು ಕ್ಯಾಲ್ಸಿಯಂಗೆ 15 ಪಾಲಿಗಿಂತ ಹೆಚ್ಚು ರಂಜಕವಿರುವುದರಿಂದ, ಅದನ್ನೇ ಬಟ್ಟಲು ತುಂಬ ತಿಂದ ಮರಿಯ ದೇಹವು ರಕ್ತದಲ್ಲಿನ ಸಮತೋಲವನ್ನು ಕಾಪಾಡಿಕೊಳ್ಳಲು ತನ್ನದೇ ಮೂಳೆಗಳಿಂದ ಕ್ಯಾಲ್ಸಿಯಂ ಅನ್ನು ಸೆಳೆದುಕೊಳ್ಳಬೇಕಾಗುತ್ತದೆ. ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಹುಳು ಇದಕ್ಕೆ ತದ್ವಿರುದ್ಧ. ಅದರಲ್ಲಿ ರಂಜಕಕ್ಕಿಂತ ಕ್ಯಾಲ್ಸಿಯಂ ಎರಡು ಪಟ್ಟಿಗೂ ಹೆಚ್ಚು. ಈ ಅಂಕಿಗಳನ್ನು ನೋಡಿದ ಮೇಲೆ ನಮ್ಮ ವಾರದ ಕ್ರಮ ತಾನಾಗಿ ರೂಪುಗೊಂಡಿತು: ಹೆಚ್ಚಿನ ರಾತ್ರಿಗಳಲ್ಲಿ ಸೋಲ್ಜರ್ ಫ್ಲೈ ಮರಿಹುಳು ಅಥವಾ ಕ್ರಿಕೆಟ್, ವಾರಕ್ಕೆ ಒಂದೆರಡು ರಾತ್ರಿ ಮಾತ್ರ ನಾಲ್ಕೈದು ಮೀಲ್‌ವರ್ಮ್. ಮೇಣದ ಹುಳುವನ್ನು ತರುವುದೇ ಇಲ್ಲ.

ಕೀಟ ತಿಂದದ್ದೂ ಕೊನೆಗೆ ಗುಂಡನ ಹೊಟ್ಟೆಗೇ ಸೇರುವುದರಿಂದ ಅವುಗಳ ಊಟವನ್ನೂ ನೋಡಿಕೊಳ್ಳಬೇಕು. ಮೀಲ್‌ವರ್ಮ್‌ಗಳು ಫ್ರಿಜ್‌ನಲ್ಲಿ ಗೋಧಿ ಬೂಸಾದ ನಡುವೆ ನಿದ್ದೆಯಲ್ಲಿರುತ್ತವೆ. ಕೊಡುವುದಕ್ಕೆ ಒಂದು ದಿನ ಮುಂಚೆ ಹೊರಗಿಟ್ಟು ಕ್ಯಾರೆಟ್ ತುಂಡು, ಸೊಪ್ಪು ತಿನ್ನಿಸುತ್ತೇವೆ. ಕೊಡುವ ಮುನ್ನ ಕ್ಯಾಲ್ಸಿಯಂ ಪುಡಿಯನ್ನು ಚಿಟಿಕೆಯಷ್ಟು ಸವರುವುದುಂಟು. ಹಿತ್ತಲಿನ ಹುಳುಗಳನ್ನು ಹಿಡಿದು ಹಾಕುವುದಿಲ್ಲ, ಏಕೆಂದರೆ ಅಕ್ಕಪಕ್ಕದ ಹುಲ್ಲುಹಾಸುಗಳಿಗೆ ಸಿಂಪಡಿಸುವ ಕೀಟನಾಶಕವೂ ಪರೋಪಜೀವಿಗಳೂ ಅವುಗಳ ಜೊತೆಗೆ ಬರುತ್ತವೆ.

ತಿಂಗಳ ಕೊನೆಯಲ್ಲಿ 348 ಗ್ರಾಂ.

ನವೆಂಬರ್

ಶಿವಮೊಗ್ಗದಿಂದ ಅಮ್ಮ ಬಂದಿದ್ದಾರೆ. ಗುಂಡನನ್ನು ನೋಡಿದವರೇ, “ಪಾಪ, ಇಷ್ಟು ಸಣ್ಣ ಮರಿ, ಒಂದಿಷ್ಟು ಹಾಲು ಅನ್ನ ಕಲಸಿ ಇಡಬಾರದೇನೋ?” ಎಂದು ಕೇಳಿದರು. ಎಷ್ಟೋ ಬೆಕ್ಕು ನಾಯಿಗಳು ಅವರ ಹಾಲನ್ನ ತಿಂದು ಬೆಳೆದಿವೆ. ಆ ಅಂತಃಕರಣಕ್ಕೆ ಬರಿದೇ ಬೇಡವೆಂದರೆ ಸಾಲದು, ಕಾರಣ ಹೇಳಬೇಕು. ಹಾಲಿನ ಸಕ್ಕರೆಯನ್ನು ಒಡೆಯುವ ಶಕ್ತಿ ಇದರ ಕರುಳಿಗಿಲ್ಲದೆ ಭೇದಿಯಾಗುತ್ತದೆ, ಇಷ್ಟು ಚಿಕ್ಕ ದೇಹಕ್ಕೆ ಭೇದಿ ಬೇಗ ಪ್ರಾಣಾಪಾಯ ತರುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಬೆಣ್ಣೆಹಣ್ಣು ಇವುಗಳನ್ನು ತಪ್ಪಿಯೂ ಕೊಡಬಾರದು. ಉಪ್ಪುಖಾರ ಬಿದ್ದ ಅಡುಗೆಯೂ ಬೇಡ. ಕಡಲೆಬೀಜದಂಥ ಗಟ್ಟಿ ಕಾಳು ಬಾಯಿಯ ಮೇಲಂಗುಳಕ್ಕೆ ಸಿಕ್ಕಿಕೊಂಡರೆ ಅದನ್ನು ತೆಗೆದುಕೊಳ್ಳಲು ಅದಕ್ಕೆ ಕೈ ಎಟುಕುವುದಿಲ್ಲ. ಹಸಿ ಮೊಟ್ಟೆ, ಹಸಿ ಮಾಂಸಗಳೂ ಸೋಂಕಿನ ಭಯದಿಂದ ನಿಷಿದ್ಧ.

ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, “ಹಾಗಾದ್ರೆ ನನ್ನ ಕೈಯಿಂದ ಏನು ಕೊಡಬಹುದು ಹೇಳು” ಎಂದರು. ಉಪ್ಪಿಲ್ಲದೆ ಬೇಯಿಸಿದ ಸಿಹಿಗುಂಬಳ ಅಥವಾ ಗೆಣಸು, ಬಟಾಣಿ ಕಾಳಿನಷ್ಟು, ವಾರಕ್ಕೆ ಎರಡು ಸಲ. ಈಗ ಆ ಎರಡು ಸಂಜೆಗಳು ಅಮ್ಮನವು. ಹಣ್ಣುತರಕಾರಿಗಳು ಗುಂಡನಿಗೆ ಅಗತ್ಯವೆಂದು ನಾನು ಭಾವಿಸುವುದಿಲ್ಲ. ಈ ಮಿತಿಯಲ್ಲಿ ತೊಂದರೆಯೂ ಇಲ್ಲ, ಕುಂಬಳ ಮಲವನ್ನು ಸಡಿಲವಾಗಿಡುತ್ತದೆ ಎಂಬ ಉಪಕಾರವೂ ಇದೆ.

ಚಳಿ ಶುರುವಾಗಿದೆ. ಕೋಣೆಯ ಉಷ್ಣಾಂಶ 20 ಡಿಗ್ರಿಗಿಂತ ಕೆಳಗಿಳಿದರೆ ಆಫ್ರಿಕಾ ಮೂಲದ ಈ ಪ್ರಾಣಿ ಶೀತನಿದ್ರೆಗೆ ಜಾರಲು ನೋಡುತ್ತದೆ. ಯುರೋಪಿನ ಹೆಡ್ಜ್‌ಹಾಗ್‌ಗಳಂತೆ ಚಳಿಗಾಲವಿಡೀ ಮಲಗಿ ಏಳುವ ಸಿದ್ಧತೆ ಇದರ ದೇಹದಲ್ಲಿಲ್ಲವಾದ್ದರಿಂದ ಆ ನಿದ್ರೆ ಸಾವಿಗೆ ದಾರಿಯಾಗಬಲ್ಲದು. ಊಟ ಕಡಿಮೆಯಾಗುವುದು ಅದರ ಮೊದಲ ಸೂಚನೆಗಳಲ್ಲೊಂದು. ಗೂಡಿನ ಮೇಲೆ ಬೆಳಕು ಸೂಸದ ಸೆರಾಮಿಕ್ ಹೀಟರ್ ಹಾಕಿ, ಥರ್ಮೊಸ್ಟಾಟ್‌ನಿಂದ 25 ಡಿಗ್ರಿಗೆ ನಿಲ್ಲಿಸಿದ್ದೇವೆ. ತಟ್ಟೆಯ ಎಣಿಕೆಯಲ್ಲಿ ಇಳಿಕೆ ಕಂಡಿಲ್ಲ.

ಡಿಸೆಂಬರ್

ಗುಂಡನಿಗೆ ಆರು ತಿಂಗಳು ತುಂಬಿತು. ತೂಕ 402 ಗ್ರಾಂ. ಕಳೆದ ಕೆಲವು ವಾರಗಳಿಂದ ಏರಿಕೆ ಬಹಳ ನಿಧಾನವಾಗಿದೆ. ಈ ಜಾತಿಯ ವಯಸ್ಕರು ಸಾಮಾನ್ಯವಾಗಿ 300ರಿಂದ 600 ಗ್ರಾಂ ತೂಗುವುದರಿಂದ ಅಂಕಿಯೊಂದನ್ನೇ ನೋಡಿ ದಪ್ಪ, ತೆಳುವೆಂದು ಹೇಳಲಾಗದು, ಮೈಯನ್ನೂ ನೋಡಬೇಕು. ಮೇಲಿನಿಂದ ನೋಡಿದರೆ ನೀರಿನ ಹನಿಯ ಆಕಾರವಿದೆ, ಮುಂಗಾಲುಗಳ ಕಂಕುಳಲ್ಲಿ ಕೊಬ್ಬಿನ ಗಂಟುಗಳಿಲ್ಲ, ಮುದುಡಿದಾಗ ಮುಖ, ಕಾಲು ಎಲ್ಲವೂ ಪೂರ್ತಿ ಒಳಗೆ ಸೇರಿ ಉಂಡೆಯಾಗುತ್ತಾನೆ. ಬೊಜ್ಜು ಬಂದ ಹೆಡ್ಜ್‌ಹಾಗ್‌ಗೆ ಈ ಕೊನೆಯದು ಸಾಧ್ಯವಾಗುವುದಿಲ್ಲ.

ಇಲ್ಲಿಯವರೆಗೆ ತಿನ್ನುವಷ್ಟು ತಿನ್ನಲಿ ಎಂದು ಬಿಟ್ಟಿದ್ದ ಒಣ ಆಹಾರವನ್ನು ಇನ್ನು ಅಳೆದು ಕೊಡುವ ಕಾಲ ಬಂದಿದೆ. ವೈದ್ಯೆಯೊಂದಿಗೆ ಮಾತಾಡಿ ರಾತ್ರಿಗೆ ಒಂದೂವರೆ ಟೇಬಲ್ ಚಮಚ ಎಂದು ನಿಗದಿ ಮಾಡಿದ್ದೇವೆ. ಮರಿಬೆಕ್ಕಿನ ಆಹಾರದಿಂದ ಶೇ. 12ರಷ್ಟು ಕೊಬ್ಬಿರುವ ವಯಸ್ಕ ಬೆಕ್ಕಿನ ಆಹಾರಕ್ಕೆ ದಾಟುವ ಮಿಶ್ರಣ ಈ ವಾರ ಅರ್ಧಕ್ಕೆ ಬಂದಿದೆ. ಓಡುವ ಚಕ್ರದ ಮೇಲೆ ಅವನು ರಾತ್ರಿ ಬಹಳ ಹೊತ್ತು ಕಳೆಯುತ್ತಾನೆ, ಆದ್ದರಿಂದ ತೂಕ ಇಳಿಯತೊಡಗಿದರೆ ಮೊದಲು ಒಣ ಆಹಾರವನ್ನು ಕಾಲು ಚಮಚ ಏರಿಸುವುದು, ಏರತೊಡಗಿದರೆ ಮೊದಲು ಮೀಲ್‌ವರ್ಮ್ ನಿಲ್ಲಿಸುವುದು ಎಂದು ಮಗಳ ಪುಸ್ತಕದ ಮೊದಲ ಪುಟದಲ್ಲಿ ಬರೆದಿದ್ದೇವೆ. ತೂಕ ನೋಡುವುದು ವಾರಕ್ಕೊಮ್ಮೆ, ಭಾನುವಾರ ಸಂಜೆ, ಊಟಕ್ಕೆ ಮುಂಚೆ. ಜನವರಿಯಲ್ಲಿ ವೈದ್ಯೆ ಹಲ್ಲು ಮತ್ತು ಒಸಡುಗಳನ್ನು ಪರೀಕ್ಷಿಸಲಿದ್ದಾರೆ. ಅದಾದ ಮೇಲೆ ಕಾಳಿನ ಗಾತ್ರವನ್ನು ಮತ್ತೆ ವಿಚಾರ ಮಾಡುತ್ತೇನೆ.